ಟೈ ರಾಡಿಗೆ ಕಟ್ಟಿದ ಕರಿದಾರ

“ಹನುಮಂತಯ್ಯನೋರೆ, ಅಲ್ಲಿ ಕಡ್ಡಿ ಗೀರಬ್ಯಾಡ್ರಿ. ಟ್ಯಾಂಕಿನಾಗೆ ಪೆಟ್ರೋಲ್ ಐತೆ.”

ಸಬ್ ಇನ್‌ಸ್ಪೆಕ್ಟರ್ ಮುರುಗಪ್ಪನವರ ದನಿ ಮೇಲಿನಿಂದ ಬಂತು. ನನಗೆ ಕಾಣುತ್ತಿದ್ದುದು ಅವರ ಬೂಟುಗಳು ಮಾತ್ರ. ಠಾಣೆಯ ಅಂಗಳದಲ್ಲಿ ನಿಲ್ಲಿಸಿದ್ದ ಅಂಬಾಸಿಡರ್ ಕಾರಿನ ಅಡಿಯಲ್ಲಿ ನಾನು ಅಂಗಾತ ಮಲಗಿದ್ದೆ. ಬ್ರೇಕ್ ಇನ್‌ಸ್ಪೆಕ್ಟರಾಗಿ ಜಿಲ್ಲೆಯ ಬಸ್ಸು ಲಾರಿಗಳ ಹೊಟ್ಟೆ ನೋಡುತ್ತಲೇ ಸರ್ವಿಸು ಮುಗಿಸಿದವನು ನಾನು. ಪಿಂಚಣಿ ಬರತೊಡಗಿದ ಮೇಲೂ ಹೀಗೆ ಮಣ್ಣಿಗೆ ಬೆನ್ನು ಉಜ್ಜುವ ಯೋಗ ತಪ್ಪಲಿಲ್ಲ.

“ಕಾರು ಸುಡಾಕೆ ಬಂದಿಲ್ಲ ಕಣ್ರಿ. ಮೊದ್ಲು ನನ್ನ ಕಾಲು ಹಿಡ್ದು ಎಳೀರಿ.”

ಎಳೆದದ್ದು ಮುರುಗಪ್ಪನವರಲ್ಲ, ಕಾಳಕ್ಕ. ಟಗರು ಹಿಡಿದು ಪಳಗಿದ ಕೈ. ಒಂದೇ ಎಳೆತಕ್ಕೆ ನಾನು ಬಿಸಿಲಿಗೆ ಬಂದು ಬಿದ್ದೆ.

ಐಮಂಗಲದ ಇಳಿಜಾರಿನಲ್ಲಿ ಈ ಕಾರು ರಸ್ತೆ ಬಿಟ್ಟು ಹೊಲಕ್ಕೆ ನುಗ್ಗಿದಂದಿನಿಂದ ಅದರ ಯಜಮಾನ, ಉಣ್ಣೆ ಸೊಸೈಟಿಯ ಗೋವಿಂದಪ್ಪ, ಚಿತ್ರದುರ್ಗದ ಆಸ್ಪತ್ರೆಯಲ್ಲಿ ಎಚ್ಚರವಿಲ್ಲದೆ ಮಲಗಿದ್ದರು. ಅದರ ಮುಂಭಾಗ ರಿಪೇರಿ ಮಾಡಿದ್ದ ಹಿರಿಯೂರಿನ ಮೆಕ್ಯಾನಿಕ್ ಬೀರಪ್ಪ, ಕಾಳಕ್ಕನ ಮಗ, ಇದೇ ಠಾಣೆಯ ಲಾಕಪ್ಪಿನಲ್ಲಿದ್ದ.

ಬೀರಪ್ಪನ ಮೇಲಿನ ಆಪಾದನೆ ಒಂದೇ. ಕಾರಿನ ಮುಂದಿನ ಬುಷ್ಷು, ಸ್ಟೇರಿಂಗಿನಿಂದ ಚಕ್ರಗಳನ್ನು ತಿರುಗಿಸುವ ಟೈ ರಾಡು ಎಲ್ಲ ಬಿಚ್ಚಿ ಹೊಸದು ಹಾಕಿದವನು ಚಕ್ರಗಳ ಅಲೈನ್‌ಮೆಂಟ್ ನೋಡದೆ ಗಾಡಿ ಕೊಟ್ಟ, ಅದಕ್ಕೇ ಗಾಡಿ ಎಡಕ್ಕೆ ಎಳೆದು ರಸ್ತೆ ಬಿಟ್ಟಿತು ಎಂದು. ಹಾಗೆಂದು ಚಾರ್ಜ್ ಶೀಟ್ ಹೋದರೆ ಅವನು ಜೈಲಿಗೆ ಹೋಗುವುದಿರಲಿ, ತಿರುಗಿ ಬಂದ ಮೇಲೂ ಅವನ ಗ್ಯಾರೇಜಿಗೆ ಒಂದು ಸೈಕಲ್ ಕೂಡ ಬರುವುದಿಲ್ಲ. ಕಾಳಕ್ಕ ನನ್ನ ಮನೆಯ ಜಗಲಿಯ ಮೇಲೆ ಕುಳಿತು ಅತ್ತಿರಲಿಲ್ಲ. “ನನ್ನ ಮಗ ಹಂಗೆ ಕೆಲಸ ಮಾಡೋನಲ್ಲ, ನೀವು ಬಂದು ನೋಡ್ರಿ” ಎಂದಿದ್ದಳು, ಅಷ್ಟೇ. ಅತ್ತಿದ್ದರೆ ಏನಾದರೂ ನೆವ ಹೇಳಿ ತಪ್ಪಿಸಿಕೊಳ್ಳುತ್ತಿದ್ದೆನೇನೋ.

ಎದ್ದು ಕುಳಿತು ಕೈ ಬಿಚ್ಚಿದೆ. ಅಂಗೈಯಲ್ಲಿ ಕಾರಿನ ಎಡಗಡೆ ಟೈ ರಾಡಿನಿಂದ ಬಿಚ್ಚಿಕೊಂಡ ಒಂದು ತುಂಡು ಕರಿದಾರ.

“ಇದಾ?” ಮುರುಗಪ್ಪನವರು ಬಗ್ಗಿ ನೋಡಿದರು. “ಇದು ಬೀರಪ್ಪಂದೇ ಬಿಡ್ರಿ. ನಮ್ಮ ಜೀಪಿಗೂ ಕಟ್ಟವ್ನೆ. ದೃಷ್ಟಿ ದಾರ.”

ದೃಷ್ಟಿಗೂ ಹೌದು, ಇನ್ನೊಂದಕ್ಕೂ ಹೌದು. ಚಕ್ರಗಳನ್ನು ನೆಟ್ಟಗೆ ಕೂರಿಸಿ, ಟೈ ರಾಡು ತಿರುಗದಂತೆ ಹಿಡಿಯುವ ಚೆಕ್ ನಟ್ಟು ಬಿಗಿದ ಮೇಲೆ, ಬೀರಪ್ಪ ಆ ನಟ್ಟಿಗೂ ರಾಡಿಗೂ ಸೇರಿಸಿ ಕರಿದಾರ ಸುತ್ತಿ ಕಟ್ಟುತ್ತಾನೆ. ಅಲೈನ್‌ಮೆಂಟ್ ಆಯಿತು ಎನ್ನುವುದಕ್ಕೆ ಅವನ ಮೊಹರು ಅದು. ಆಮೇಲೆ ಯಾರೇ ಆ ನಟ್ಟು ತಿರುಗಿಸಬೇಕೆಂದರೂ ಮೊದಲು ದಾರ ಕೊಯ್ಯಬೇಕು.

ಕಾರಿನಿಂದ ದೂರ ಸರಿದು ಕಡ್ಡಿ ಗೀರಿ ದಾರದ ತುದಿಗೆ ಹಿಡಿದೆ. ಅದು ಸದ್ದಿಲ್ಲದೆ ಕೆಂಪಗೆ ಉರಿದು ಬೂದಿಯಾಗಿ ಉದುರಿತು. ಹಳೇ ಬಟ್ಟೆ ಸುಟ್ಟ ವಾಸನೆ ಬಂತು.

“ಕಾಳಕ್ಕ, ನಿನ್ನ ಉಂಡೆಯಿಂದ ಒಂದು ಗೇಣು ದಾರ ಕೊಡು.”

ಠಾಣೆಯ ಬೇವಿನ ಮರದ ಕೆಳಗೆ ಮಗನನ್ನು ಕಾಯುತ್ತಾ ಕುಳಿತಲ್ಲೂ ಅವಳ ಕದಿರು ನಿಂತಿರಲಿಲ್ಲ. ಕರಿಕುರಿಯ ಉಣ್ಣೆಯನ್ನು ನೂತು ನೂತು ಉಂಡೆ ತೆಂಗಿನಕಾಯಿಯಷ್ಟಾಗಿತ್ತು. ಅವಳು ಹಲ್ಲಿನಿಂದ ಕಚ್ಚಿ ಕೊಟ್ಟ ದಾರಕ್ಕೆ ಬೆಂಕಿ ಹಿಡಿದೆ. ಚುರ್ ಎಂದು ಮುದುಡಿ, ತುದಿಯಲ್ಲಿ ಕರಿ ಗುಂಡಾಗಿ ಆರಿಹೋಯಿತು. ತಲೆಗೂದಲು ಸುಟ್ಟ ನಾತ ಮುರುಗಪ್ಪನವರ ಮೂಗಿಗೂ ಹೋಗಿರಬೇಕು, ಕರವಸ್ತ್ರ ತೆಗೆದರು.

“ಇದು ಉಣ್ಣೆ. ಕಾರಿನ ಕೆಳಗೆ ಸಿಕ್ಕಿದ್ದು ಹತ್ತಿ” ಎಂದೆ.

“ಕರಿದಾರ ಅಂದ್ರೆ ಕರಿದಾರ. ಅದ್ರಾಗೆ ಉಣ್ಣೆ ಏನು, ಹತ್ತಿ ಏನು?”

ಉತ್ತರ ಕೊಟ್ಟವಳು ಕಾಳಕ್ಕ. “ನಾವು ಉಣ್ಣೆ ಕಂಕಣದೋರು ಸ್ವಾಮಿ. ಮದ್ವಿಯಾಗೆ ಕೈಗೆ ಕಟ್ಟೋದೂ ಉಣ್ಣೆ, ಕೂಸಿನ ತೊಟ್ಲಿಗೆ ಕಟ್ಟೋದೂ ಉಣ್ಣೆ. ನನ್ನ ಮಗ ಗಾಡಿಗೆ ಕಟ್ಟೋ ದಾರ ನಾನೇ ನೂತು ಕೊಡೋದು. ಹತ್ತಿ ದಾರ ನಮ್ಮ ಮನ್ಯಾಗೆ ಅಂಗಿ ಹೊಲಿಯಾಕೆ ಮಾತ್ರ.”

ಲಾಕಪ್ಪಿನ ಸರಳುಗಳ ಹಿಂದೆ ಬೀರಪ್ಪ ಎದ್ದು ನಿಂತಿದ್ದ. ಅವನ ಕೈ ಸರಳನ್ನು ಹಿಡಿದ ರೀತಿ ಬದಲಾಗಿದ್ದು ನನಗೆ ಕಂಡಿತು.

“ಅಂದು ಉಣ್ಣೆ ಇರ್ಲಿಲ್ಲ, ಕೈಗೆ ಸಿಕ್ಕಿದ್ದು ಕಟ್ಟಿದ ಅನ್ನಾಣ,” ಮುರುಗಪ್ಪನವರು ಬಿಡಲಿಲ್ಲ. “ದಾರ ಸುಟ್ಟು ತೋರ್ಸಿದ್ರೆ ಕೋರ್ಟು ಒಪ್ಪಲ್ಲ ಹನುಮಂತಯ್ಯನೋರೆ.”

ಮಾತು ಸರಿಯಾಗಿಯೇ ಇತ್ತು. ಪೊಲೀಸಿನವರು ಹೀಗೆ ಎದುರು ಪ್ರಶ್ನೆ ಹಾಕಿದರೆ ನನಗೆ ಖುಷಿಯೇ. ತಲೆಯಾಡಿಸುವವರ ಜತೆ ಕೆಲಸ ಮಾಡಿ ಸಾಕಾಗಿದೆ.

“ಹಂಗಾದ್ರೆ ಉಂಡೆ ಹಿಡ್ಕಳ್ರಿ” ಎಂದೆ.

ಉಂಡೆಯನ್ನು ಅವರ ಕೈಗಿತ್ತು, ಕಾರಿನ ಹಿಂದಿನ ಚಕ್ರದ ಬಳಿ ಕೂರಿಸಿದೆ. ದಾರದ ಇನ್ನೊಂದು ತುದಿ ಹಿಡಿದು ನಾನು ಮುಂದಿನ ಚಕ್ರದ ಆಚೆಗೆ ಹೋದೆ. ಬೀರಪ್ಪ ಅಲೈನ್‌ಮೆಂಟ್ ನೋಡುವುದೂ ಹೀಗೆಯೇ. ಹಿಂದಿನ ಚಕ್ರಕ್ಕೆ ಒತ್ತಿ ಬಿಗಿಯಾಗಿ ಎಳೆದ ದಾರ ಮುಂದಿನ ಚಕ್ರದ ಎರಡು ಅಂಚುಗಳನ್ನೂ ಹೆಚ್ಚುಕಡಿಮೆ ಸಮವಾಗಿ ದಾಟಬೇಕು. ಮುಂದಿನ ಎರಡು ಚಕ್ರಗಳು ನೊಗಕ್ಕೆ ಕಟ್ಟಿದ ಎತ್ತುಗಳಂತೆ ಒಂದೇ ದಾರಿ ನೋಡಬೇಕು.

ಬಲಗಡೆ ಸರಿಯಿತ್ತು. ಎಡಗಡೆ ಚಕ್ರದ ಮೂತಿ ಹೊರಕ್ಕೆ ತಿರುಗಿ ದಾರವನ್ನು ತಳ್ಳುತ್ತಿತ್ತು. ಕುರುಡನಿಗೂ ಕಾಣುವಷ್ಟು ಸೊಟ್ಟ.

“ನೋಡ್ರಿ ಮತ್ತೆ,” ಮುರುಗಪ್ಪನವರ ಮುಖ ಅರಳಿತು. “ನಾನು ಹೇಳಿದ್ದೇ ಆತು. ಅಲೈನ್‌ಮೆಂಟ್ ಮಾಡಿಲ್ಲ.”

“ಈಗ ಟೈರಿನ ಮೇಲೆ ಅಂಗೈ ಇಟ್ಟು ಸವರ್ರಿ. ಒಳಗಿಂದ ಹೊರಕ್ಕೆ. ಆಮೇಲೆ ಹೊರಗಿಂದ ಒಳಕ್ಕೆ.”

ಅವರು ಉಂಡೆಯನ್ನು ಎಡಗೈಗೆ ಬದಲಿಸಿ, ಅನುಮಾನದಿಂದಲೇ ಸವರಿದರು.

“ಏನಾತು? ನುಣ್ಣಗೈತೆ.”

“ಎರಡೂ ಕಡೆಗೆ?”

“ಎರಡೂ ಕಡೆಗೆ.”

“ಅಷ್ಟೇ ಬೇಕಾಗಿದ್ದು ನನಗೆ. ಈ ಕಾರು ರಿಪೇರಿಯಾಗಿದ್ದು ದಸರೆಗೆ ಮುಂಚೆ. ಅಲ್ಲಿಂದ ಗೋವಿಂದಪ್ಪನೋರು ಉಣ್ಣೆ ಸೊಸೈಟಿ ಕೆಲಸಕ್ಕೆ ಹೊಸದುರ್ಗ, ಹೊಳಲ್ಕೆರೆ, ಚಿತ್ರದುರ್ಗ ಅಂತ ಇದೇ ಕಾರಿನಾಗೆ ಸುತ್ತವ್ರೆ. ಚಕ್ರ ಇಷ್ಟು ಸೊಟ್ಟ ಇಟ್ಕಂಡು ಅಷ್ಟು ದೂರ ಓಡಿದ್ರೆ ರಬ್ಬರ್ ಓರೆಯಾಗಿ ಸವೀತೈತೆ. ಒಂದು ಕಡೆ ಸವರಿದ್ರೆ ನುಣ್ಣಗೆ, ವಾಪಸ್ ಸವರಿದ್ರೆ ಗರಗಸದಂಗೆ ಕೈಗೆ ಹತ್ತುತೈತೆ. ಇಲ್ಲಿ ಅಂಥಾದ್ದೇನೂ ಇಲ್ಲ. ಈ ಚಕ್ರ ಇಷ್ಟು ದಿವಸ ನೆಟ್ಟಗೇ ಓಡೈತೆ.”

“ಗುದ್ದಿದಾಗ ಸೊಟ್ಟ ಆಗಿರಬೌದು.”

“ಹುಣಸೆಮರಕ್ಕೆ ಗುದ್ದಿದ್ದು ಹಿಂದಿನ ಬಾಗಿಲು. ಮುಂದ್ಗಡೆ ಬಣ್ಣ ಕೂಡ ಹೋಗಿಲ್ಲ ನೋಡ್ರಿ. ಆ ಎಡಗಡೆ ಚೆಕ್ ನಟ್ಟನ್ನ ಯಾರೋ ಬಿಚ್ಚಿ ರಾಡು ತಿರುಗಿಸವ್ರೆ. ಪೈಪು ತಿರುಗಿಸೋ ಹಲ್ಲಿನ ಪಾನಾದಾಗೆ. ನಟ್ಟಿನ ಮೈಮೇಲೆ ಕಚ್ಚಿದ ಗುರುತು ಇನ್ನೂ ಹೊಳೀತೈತೆ. ಬೀರಪ್ಪ ಹಲ್ಲಿನ ಪಾನಾ ಮುಟ್ಟಿದ್ರೆ ನನ್ನ ಮೀಸೆ ಬೋಳಿಸ್ರಿ.”

ಮುರುಗಪ್ಪನವರು ಎದ್ದು ಪ್ಯಾಂಟಿನ ಧೂಳು ಕೊಡವಿಕೊಂಡರು. “ಡ್ರೈವರ್ ಬೋರಣ್ಣ ಬೇರೆ ಹೇಳಿಕೆ ಕೊಟ್ಟವ್ನಲ್ರಿ. ಕಾರು ರಿಪೇರಿ ಆದಾಗಿಂದ್ಲೂ ಎಡಕ್ಕೆ ಎಳೀತಿತ್ತು ಅಂತ.”

“ಅದನ್ನೇ ಕೇಳಾಣ. ಅಗೋ, ನೀವು ಕರೆಸಿದೋನು ಬಂದ.”

ಬೋರಣ್ಣ ಆದಿವಾಲದವನು, ಗೋವಿಂದಪ್ಪನವರ ಕಾರಿನ ಡ್ರೈವರು. ಅಪಘಾತದ ದಿನ ಜ್ವರ ಎಂದು ರಜೆ ಹಾಕಿದ್ದರಿಂದ ಯಜಮಾನರೇ ಕಾರು ಓಡಿಸಿಕೊಂಡು ಹೋಗಿದ್ದರು. ಗೇಟಿನೊಳಗೆ ಬರುವಾಗಲೇ ಅವನ ಕಣ್ಣು ಲಾಕಪ್ಪಿನ ಕಡೆ ಹೋಗಿ, ಅಲ್ಲಿಂದ ಜಾರಿ ನೆಲಕ್ಕೆ ಬಿತ್ತು. ನನ್ನ ಲೆಕ್ಕದಲ್ಲಿ ಆ ಹತ್ತಿ ದಾರ ಕಟ್ಟಿದವನು ಇವನೇ. ಕಾರು ಇವನ ಕೈಯಲ್ಲಿ, ಕೀಲಿ ಇವನ ಜೇಬಿನಲ್ಲಿ, ಜ್ವರವೂ ಬೇಕಾದ ದಿನವೇ ಬಂದಿದೆ. ಇಷ್ಟು ಸಲೀಸಾಗಿ ಕೂಡಿಬಂದರೆ ನನ್ನಂಥವನು ಇನ್ನೇನು ತಿಳಿಯಬೇಕು?

“ಬಾರಪ್ಪ ಬೋರಣ್ಣ. ಜ್ವರ ಬಿಡ್ತಾ?”

“ಬಿಡ್ತು ಸಾರ್.”

“ಕಾರು ಎಡಕ್ಕೆ ಎಳೀತಿತ್ತು ಅಂದ್ಯಂತೆ.”

“ಹೂಂ ಸಾರ್. ಬೀರಪ್ಪಣ್ಣಂಗೂ ಹೇಳಿದ್ದೆ. ಬುಷ್ ಹಾಕಿದ್ರೆ ಅಲೈನ್‌ಮೆಂಟ್ ಬ್ಯಾಡ, ಓಡ್ತಾ ಓಡ್ತಾ ಸರಿ ಹೋಗ್ತೈತೆ ಅಂದ.”

ಲಾಕಪ್ಪಿನಿಂದ ಬೀರಪ್ಪನ ದನಿ ಮೊದಲ ಸಲ ಕೇಳಿತು. “ಲೇ ಬೋರಣ್ಣ, ನಾನು ಹಂಗಂದೆನಾ?”

ಬೋರಣ್ಣ ತಿರುಗಿ ನೋಡಲಿಲ್ಲ.

ಈ ಮಾತಿಗೆ ನನಗೆ ನಗು ಬರದೆ ಇರುತ್ತದೆಯೇ? ಹೋದ ಬೇಸಗೆಯಲ್ಲಿ ನನ್ನ ಹಳೆಯ ಹೆರಾಲ್ಡ್ ಕಾರಿಗೆ ಇದೇ ಬೀರಪ್ಪ ಮುಂದಿನ ಬುಷ್ ಹಾಕಿದ. ಪೆಟ್ರೋಲ್ ಬೆಲೆ ಏರಿದ ಮೇಲೆ ಆ ಕಾರು ಓಡುವುದೇ ಅಪರೂಪ, ಇಷ್ಟಕ್ಕೆಲ್ಲ ಅಲೈನ್‌ಮೆಂಟ್ ಯಾಕೆ, ಕೊಡು ಹೋಗುತ್ತೇನೆ ಎಂದಿದ್ದೆ. ಅವನು ಕೀಲಿ ಕೊಡಲಿಲ್ಲ. ಮುಂಭಾಗ ಬಿಚ್ಚಿ ಜೋಡಿಸಿದ ಮೇಲೆ ಚಕ್ರ ಯಾವ ಕಡೆ ನೋಡುತ್ತಿದೆ ಎಂದು ನೋಡದೆ ಬಿಟ್ಟರೆ ನನಗೆ ನಿದ್ದೆ ಬರುವುದಿಲ್ಲ ಎಂದ. ಇಡೀ ಮಧ್ಯಾಹ್ನ ನನ್ನನ್ನು ಗ್ಯಾರೇಜಿನ ಮುರುಕು ಬೆಂಚಿನ ಮೇಲೆ ಕೂರಿಸಿ, ಅವರಮ್ಮನ ಉಣ್ಣೆ ದಾರ ಎಳೆದು, ತಿರುಗಿಸಿ, ಮತ್ತೆ ಎಳೆದು ನನ್ನ ತಲೆ ತಿಂದ.

“ಬೋರಣ್ಣ, ಇಲ್ಲಿ ಕುಂತ್ಕ. ಈ ಟೈರು ಸವರು.”

ಸವರಿದ. ಡ್ರೈವರನಿಗೆ ಹೇಳಿಕೊಡಬೇಕಾಗಿರಲಿಲ್ಲ. ಅವನ ಅಂಗೈ ಎರಡನೇ ಸಲ ಹೋಗಿ ಅಲ್ಲೇ ನಿಂತಿತು. ಮುಖ ಹುಳ್ಳಗಾಯಿತು.

“ಎಡಕ್ಕೆ ಎಳೀತಿದ್ದ ಕಾರಿನ ಟೈರು ಹಿಂಗಿರ್ತೈತಾ?”

“ಇಲ್ಲ ಸಾರ್.”

“ಮತ್ತೆ ದಾರ ಯಾಕೆ ಕೊಯ್ದೆ? ಹತ್ತಿ ದಾರ ಕಟ್ಟಿದ್ರೆ ಯಾರಿಗೂ ತಿಳಿಯಲ್ಲ ಅಂದ್ಕಂಡ್ಯಾ?”

“ನಾನು ದಾರ ಮುಟ್ಟಿಲ್ಲ ಸಾರ್.”

“ಕೈ ತೋರ್ಸು.”

ಗ್ರೀಸಿನ ಗುರುತೋ ಪಾನಾ ತರಚಿದ ಗಾಯವೋ ಸಿಕ್ಕೀತು ಎಂದು ಅವನ ಅಂಗಿಯ ತೋಳು ಮೇಲಕ್ಕೆ ಸರಿಸಿದೆ. ಮಣಿಕಟ್ಟಿನಲ್ಲಿ ಅರಿಸಿನ ಹಚ್ಚಿದ ಕಂಕಣ, ಇನ್ನೂ ಬಣ್ಣ ಮಾಸಿರಲಿಲ್ಲ. ಕರಿಕುರಿಯ ಉಣ್ಣೆಯದು.

“ನಿಂದು ಮದ್ವಿ ಆತಾ?” ಕಾಳಕ್ಕನ ದನಿಯಲ್ಲಿ ಸಿಟ್ಟು ಹೋಗಿ ಕುತೂಹಲ ಬಂದಿತ್ತು. “ಯಾವಾಗ?”

“ಕಾರ್ತೀಕದಾಗೆ ಅತ್ತೆ.”

ನನ್ನ ಲೆಕ್ಕ ಅಲ್ಲಿಗೇ ಮುಗ್ಗರಿಸಿತು. ಇವನೂ ಉಣ್ಣೆ ಕಂಕಣದವನೇ. ಬೀರಪ್ಪನ ದಾರ ಯಾವುದರದು ಎಂದು ಕಣ್ಣು ಮುಚ್ಚಿಕೊಂಡು ಹೇಳಬಲ್ಲವನು. ಮೋಸ ಮಾಡಲು ಹೊರಟಿದ್ದರೂ ಹತ್ತಿ ದಾರಕ್ಕೆ ಕೈ ಹಾಕುತ್ತಿರಲಿಲ್ಲ. ಅದನ್ನು ಕಟ್ಟಿದವನಿಗೆ ಕರಿದಾರವೆಂದರೆ ಬರೀ ಕರಿದಾರ.

ಸೋತ ಸಿಟ್ಟನ್ನು ನುಂಗಿ ಮೆಲ್ಲಗೆ ಕೇಳಿದೆ. “ಮತ್ಯಾಕೆ ಸುಳ್ಳು ಹೇಳ್ದೆ ಮಾರಾಯ?”

ಬೋರಣ್ಣ ಕುಕ್ಕರಗಾಲಿನಲ್ಲಿ ಕುಳಿತಲ್ಲೇ ಮುಖ ಮುಚ್ಚಿಕೊಂಡ. “ಜ್ವರ ಇರ್ಲಿಲ್ಲ ಸಾರ್. ಹೆಂಡ್ತಿ ತವರಿಗೆ ಹೋಗಿದ್ಲು. ನೋಡ್ಕಂಡು ಬರಾಣ ಅಂತ ಹಿಂದಿನ ದಿವ್ಸ ಸಂಜೆ ಬಸ್ಸಿಗೆ ಹೋಗಿಬಿಟ್ಟೆ. ಕಾರು ಯಜಮಾನ್ರ ಮನಿಗೆ ಬಿಟ್ಟು ಹೋಗ್ಬೇಕಿತ್ತು. ಬಸ್ಸು ತಪ್ತೈತೆ ಅಂತ ಸೊಸೈಟಿ ಗೋದಾಮಿನ ಮುಂದೆನೇ ನಿಲ್ಸಿ ಹೋದೆ. ಅಲ್ಲಿ ಪೊಲೀಸ್ ಬೀಟ್ ಇರ್ತೈತೆ, ಯಾರೂ ಮುಟ್ಟಲ್ಲ ಅಂತ ಧೈರ್ಯ. ಆಮೇಲೆ ಹಿಂಗಾತು. ಕಾರು ಬೀದ್ಯಾಗೆ ಬಿಟ್ಟೋನು ನೀನೇ ಅಂತ ನನ್ನೇ ಹಿಡೀತಾರೆ ಅಂತ ಹೆದ್ರಿ ಅಂಗಂದೆ.”

“ಕಾರು ಹೆಂಗೆ ಓಡ್ತಿತ್ತು? ನಿಜ ಹೇಳು.”

“ಸ್ಟೇರಿಂಗ್ ಬಿಟ್ರೂ ನೆಟ್ಟಗೆ ಹೋಗ್ತಿತ್ತು ಸಾರ್. ಬೀರಪ್ಪಣ್ಣ ದಾರ ಹಿಡ್ದು ಅಲೈನ್‌ಮೆಂಟ್ ಮಾಡಿದ್ದು ನಾನೇ ನಿಂತು ನೋಡೀನಿ.”

ಅವನು ಎದ್ದು ನೇರ ಲಾಕಪ್ಪಿನ ಮುಂದೆ ಹೋಗಿ ನಿಂತ. ಏನು ಹೇಳಬೇಕೆಂದು ತಿಳಿಯದೆ ಸರಳುಗಳನ್ನೇ ಹಿಡಿದುಕೊಂಡ. ಬೀರಪ್ಪ ಒಳಗಿನಿಂದ ಅವನ ತಲೆಗೆ ಮೊಟಕಿದ. ಗಟ್ಟಿಯಾಗಿ ಮೊಟಕಿದನೆಂದೇ ಕಾಣುತ್ತದೆ, ಬೋರಣ್ಣ ತಲೆ ಉಜ್ಜಿಕೊಂಡ. ಕಾಳಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮಗನಿಗಾಗಿ ಅತ್ತಿರದ ಹೆಂಗಸು ಈಗ ಅಳುತ್ತಿದ್ದಳು.

ಆ ಹೊತ್ತಿಗೇ ಒಳಗೆ ಫೋನು ಬಡಿದುಕೊಂಡಿತು. ಮುರುಗಪ್ಪನವರು ಹೋಗಿ ಎತ್ತಿದರು. ಕಿಟಕಿಯಿಂದ ಅವರ ಬೆನ್ನು ಕಾಣುತ್ತಿತ್ತು. ಹೂಂ, ಹೂಂ ಎನ್ನುತ್ತಾ ಪಕ್ಕದ ಕುರ್ಚಿಗೆ ತಡಕಾಡಿ ಕುಳಿತುಬಿಟ್ಟರು.

“ಗೋವಿಂದಪ್ಪ ಕಣ್ಣು ಬಿಟ್ಟವ್ರಂತೆ,” ಹೊರಗೆ ಬಂದು ಹೇಳಿದರು. “ಮಾತು ಸರಿಯಾಗಿ ಬರ್ತಿಲ್ಲ. ಬೀರಪ್ಪನ್ನ ಕರೀರಿ, ಬೀರಪ್ಪನ್ನ ಕರೀರಿ ಅಂತಾರಂತೆ.”

ಅಂಗಳದಲ್ಲಿದ್ದವರಿಗೆಲ್ಲ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಒಳ್ಳೆಯ ಮನುಷ್ಯ ಗೋವಿಂದಪ್ಪ. ಸೊಸೈಟಿ ಗೋದಾಮಿನಿಂದ ಉಣ್ಣೆ ಮೂಟೆಗಳು ಮಾಯವಾಗುತ್ತಿವೆ ಎಂದು ಬೆನ್ನುಹತ್ತಿದ್ದರು. ಅಪಘಾತದ ದಿನ ಅವರು ಚಿತ್ರದುರ್ಗಕ್ಕೆ ಹೊರಟಿದ್ದದ್ದೂ ಅದನ್ನು ಪೊಲೀಸ್ ದೊಡ್ಡ ಸಾಹೇಬರ ಕಿವಿಗೆ ಹಾಕಲೆಂದೇ. ಅವರು ಮಾತಾಡಿದರೆ ಈ ಕಗ್ಗಂಟು ಅರ್ಧ ಬಿಚ್ಚಿದ ಹಾಗೆ.

“ಈಗ ಬೀರಪ್ಪನ್ನ ಏನು ಮಾಡ್ತೀರಿ?” ಎಂದೆ.

ಮುರುಗಪ್ಪನವರು ಟೋಪಿ ತೆಗೆದು ತಲೆ ಕೆರೆದುಕೊಂಡರು. “ಮುಚ್ಚಳಿಕೆ ಬರೆಸ್ಕಂಡು ಬಿಡ್ತೀನಿ. ಬೋರಣ್ಣನ ಹೊಸ ಹೇಳಿಕೆನೂ ಬರ್ಕಬೇಕು. ನೀವೆಲ್ಲ ಹೋಗಿ ಊಟ ಮಾಡ್ಕಂಡು ಬರ್ರಿ, ಅಷ್ಟರಾಗೆ ನಾನು ಕಾಗದ ರೆಡಿ ಮಾಡಿರ್ತೀನಿ. ಆಮೇಲೆ ನೀವು ನಿಮ್ಮ ಕಾರಿನಾಗೆ ತಾಯಿ ಮಗನ್ನ ಕರ್ಕಂಡು ಆಸ್ಪತ್ರೆಗೆ ಹೊರಡ್ರಿ. ನಾನು ಹಿಂದೇನೇ ಜೀಪಿನಾಗೆ ಬರ್ತೀನಿ.”

ಇಷ್ಟು ಬೇಗ ತಪ್ಪು ಒಪ್ಪುವ ಪೊಲೀಸ್ ಅಧಿಕಾರಿಯನ್ನು ನಾನು ಕಂಡದ್ದು ಕಡಿಮೆ. ಅವರ ಮೇಲೆ ಗೌರವ ಹೆಚ್ಚಾಯಿತು.

ನನ್ನ ಹೆರಾಲ್ಡನ್ನು ಠಾಣೆಯ ಅಂಗಳದಲ್ಲೇ ಬಿಟ್ಟು ರಸ್ತೆಯಾಚೆಯ ಹೋಟೆಲಿಗೆ ಹೋದೆವು. ಅಲ್ಲಿ ಕಾಳಕ್ಕ ರಾಗಿಮುದ್ದೆ, ಹುರುಳಿ ಸಾರು ತರಿಸಿ ಹೊಟ್ಟೆ ತುಂಬ ಉಂಡಳು. ಮಗನಿಗೆಂದು ಬಾಳೆಹಣ್ಣು ಕಟ್ಟಿಸಿಕೊಂಡಳು. ಬೋರಣ್ಣನಿಗೆ ಹೆಂಡತಿಯ ಹೆಸರು, ಊರು, ಅವಳಿಗೆ ಮುದ್ದೆ ಕಟ್ಟಲು ಬರುತ್ತದೋ ಇಲ್ಲವೋ ಎಲ್ಲ ಕೇಳಿ ತಿಳಿದುಕೊಂಡಳು. ಊರಿಗೆ ಹೋದ ಮೇಲೆ ಹೆಣ್ಣಿಗೆ ಒಂದು ಕಂಬಳಿ ಕೊಡುತ್ತೇನೆ, ಆದರೆ ಸುಳ್ಳು ಹೇಳಿದ್ದಕ್ಕೆ ನಿನಗೇನೂ ಇಲ್ಲ ಎಂದಳು.

ನಾವು ತಿರುಗಿ ಬಂದಾಗ ಮುರುಗಪ್ಪನವರು ನೀರಿನ ತೊಟ್ಟಿಯ ಹತ್ತಿರ ಕೈ ತೊಳೆಯುತ್ತಿದ್ದರು. ಸೀಮೆಎಣ್ಣೆ ವಾಸನೆ ಅಂಗಳಕ್ಕೆಲ್ಲ ಹರಡಿತ್ತು.

“ಲಾಟೀನಿಗೆ ಎಣ್ಣೆ ತುಂಬ್ಸಾಕೂ ನಾನೇ ಆಗ್ಬೇಕು ಈ ಠಾಣೆಯಾಗೆ” ಎಂದು ನಕ್ಕರು.

ಕಾಗದಗಳು ಸಿದ್ಧವಾಗಿದ್ದವು. ಬೋರಣ್ಣ ಹೊಸ ಹೇಳಿಕೆಗೆ ಸಹಿ ಹಾಕಿ, ಸಿಕ್ಕ ಮೊದಲ ಬಸ್ಸಿಗೆ ಓಡಿದ. ಎಲ್ಲಿಗೆಂದು ಯಾರೂ ಕೇಳಲಿಲ್ಲ. ಲಾಕಪ್ಪಿನ ಬಾಗಿಲು ತೆರೆಯಿತು. ಬೀರಪ್ಪ ಹೊರಗೆ ಬಂದು ಬಿಸಿಲಿಗೆ ಕಣ್ಣು ಕಿರಿದು ಮಾಡಿದ. ತಾಯಿ ಅವನ ಬೆನ್ನು ಸವರಿ, ಬಾಳೆಹಣ್ಣು ಸುಲಿದು ಬಾಯಿಗೇ ಇಟ್ಟಳು. ಗಡ್ಡ ಬಂದ ಗಂಡಸು ಮರುಮಾತಿಲ್ಲದೆ ತಿಂದ.

“ಹೋಗಾಣ ನಡೀರಿ. ಗೋವಿಂದಪ್ಪನೋರು ಕಾಯ್ತಿರ್ತಾರೆ” ಎಂದೆ.

ಬೀರಪ್ಪ ಮುಂದೆ ನನ್ನ ಪಕ್ಕ, ಕಾಳಕ್ಕ ಹಿಂದಿನ ಸೀಟಿನಲ್ಲಿ. ಹೆದ್ದಾರಿಗೆ ಬಿದ್ದ ಮೇಲೆ ಎದುರುಗಾಳಿ ಜೋರಾಗಿತ್ತು. ಸೂರ್ಯಕಾಂತಿ ಹೊಲಗಳು ಹಳದಿಯಾಗಿ ತಲೆದೂಗುತ್ತಿದ್ದವು. ಮನಸ್ಸು ಹಗುರವಾಗಿತ್ತು. ಒಬ್ಬ ನಿರಪರಾಧಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಾರು ಓಡಿಸುವ ಸುಖವೇ ಬೇರೆ. ಸ್ಟೇರಿಂಗ್ ಮಾತ್ರ ಯಾಕೋ ಎಡಕ್ಕೆ ಕೈ ಜಗ್ಗುತ್ತಿತ್ತು. ಗಾಳಿಯನ್ನು ಬೈದು ಬಲಕ್ಕೆ ಒತ್ತಿ ಹಿಡಿದೆ.

ಬೀರಪ್ಪ ನನ್ನ ಕೈಗಳನ್ನೇ ನೋಡತೊಡಗಿದ.

“ಸಾರ್, ಯಾವಾಗಿಂದ ಹಿಂಗೆ ಎಳೀತೈತೆ?”

“ಗಾಳಿ ಕಣಯ್ಯ.”

“ಗಾಳಿ ಎದುರಿಗೈತೆ ಸಾರ್. ಎಳೀತಿರೋದು ಎಡಕ್ಕೆ.” ಅವನ ದನಿ ತಣ್ಣಗಿತ್ತು. “ಬ್ರೇಕ್ ಒತ್ತಬ್ಯಾಡ್ರಿ. ಆಕ್ಸಿಲೇಟರ್ ಬಿಡ್ರಿ. ಸ್ಟೇರಿಂಗ್ ಬಿಗಿ ಹಿಡ್ಕಳ್ರಿ. ಅಂಗೇ ಓಡಿ ನಿಲ್ಲಲಿ.”

ಮುಂದೆ ಐಮಂಗಲದ ಇಳಿಜಾರು ಶುರುವಾಗುವ ಜಾಗ ಕಾಣುತ್ತಿತ್ತು. ಗೋವಿಂದಪ್ಪನವರ ಕಾರು ಒರಗಿದ್ದ ಹುಣಸೆಮರವೂ ಕಾಣುತ್ತಿತ್ತು. ಹೆರಾಲ್ಡ್ ನಿಧಾನವಾಗುತ್ತಾ ಆಗುತ್ತಾ, ಇಳಿಜಾರಿನ ನೆತ್ತಿಯಲ್ಲಿ ರಸ್ತೆ ಪಕ್ಕದ ಮಣ್ಣಿಗಿಳಿದು ನಿಂತಿತು.

ನನ್ನ ಕಾರಿನದೊಂದು ಗುಣ. ಬಾನೆಟ್ ಎತ್ತಿದರೆ ಮುಂದಿನ ಇಡೀ ಹೊಟ್ಟೆ ತೆರೆದುಕೊಳ್ಳುತ್ತದೆ, ಯಾರೂ ಅಡಿಗೆ ಮಲಗಬೇಕಾಗಿಲ್ಲ. ನಾನು ಎತ್ತಿದೆ, ಬೀರಪ್ಪ ಬಗ್ಗಿದ. ಎಡಗಡೆ ಚೆಕ್ ನಟ್ಟು ಸಡಿಲವಾಗಿ ತೂಗುತ್ತಿತ್ತು. ಟೈ ರಾಡು ತಿರುಪಿನ ಕಡೆಯ ಎರಡು ಸುತ್ತಿನ ಮೇಲೆ ಜೋತಿತ್ತು. ನಟ್ಟಿನ ಮೈಮೇಲೆ ಹಲ್ಲಿನ ಪಾನಾ ಕಚ್ಚಿದ ಹೊಸ ಗುರುತು, ಬೆಳಿಗ್ಗೆ ಇನ್ನೊಂದು ಕಾರಿನ ಅಡಿಯಲ್ಲಿ ನೋಡಿದಂಥದೇ.

ಅದರ ಪಕ್ಕದಲ್ಲಿ ರಾಡಿಗೆ ಸುತ್ತಿ ಕಟ್ಟಿದ ಕರಿದಾರ.

“ಇದು ನಾನು ಕಟ್ಟಿದ್ದಲ್ಲ ಸಾರ್,” ಬೀರಪ್ಪ ಎಂದ. “ನಂದು ಬೇಸಿಗೆದು. ಇಷ್ಟೊತ್ತಿಗೆ ಗ್ರೀಸು ಧೂಳು ಕುಡ್ದು ಕಡ್ಡಿ ಆಗಿರ್ಬೇಕು. ಇದು ಈಗ ನೂತಂಗೈತೆ.”

ದಾರ ಬಿಚ್ಚಿಕೊಂಡು ಗಾಳಿಗೆ ಬೆನ್ನು ಕೊಟ್ಟು ನಿಂತು ಕಡ್ಡಿ ಗೀರಿದೆ. ಚುರ್ ಎಂದು ಮುದುಡಿತು. ಕೂದಲು ಸುಟ್ಟ ನಾತ.

ಈ ಸಲ ಉಣ್ಣೆ.

ಮೊದಲು ಬಂದದ್ದು ಹೆದರಿಕೆಯಲ್ಲ, ಸಂತೋಷ. ಬೀರಪ್ಪನ ಭುಜ ಹಿಡಿದು ಅಲ್ಲಾಡಿಸಿದೆ. “ಲೇ, ನೀನು ಬಚಾವಾದೆ ಕಣೋ. ಬೆಳಿಗ್ಗೆ ನಾನು ಬರೋವಾಗ ಈ ಕಾರು ನೆಟ್ಟಗಿತ್ತು. ಇದನ್ನ ಬಿಚ್ಚಿದಾಗ ನೀನು ಸರಳಿನ ಹಿಂದಿದ್ದೆ, ಬೀಗ ಹಾಕಿದ್ದೋರು ಪೊಲೀಸರು. ಗೋವಿಂದಪ್ಪನೋರ ಕಾರಿಗೆ ಕೈ ಹಾಕಿದೋನೇ ಇದಕ್ಕೂ ಹಾಕವ್ನೆ. ಯಾವ ಕೋರ್ಟೂ ಇನ್ನ ನಿನ್ನ ಮುಟ್ಟಂಗಿಲ್ಲ.”

ಬೀರಪ್ಪನ ಮುಖದಲ್ಲಿ ಮೊದಲ ಸಲ ನಗು ಕಂಡೆ. ಅದು ಅರ್ಧಕ್ಕೇ ನಿಂತಿತು.

“ಸಾರ್, ದಾರ ಉಣ್ಣೆದಾಗಿರ್ಬೇಕು ಅಂತ ಅವ್ನಿಗೆ ಇವತ್ತು ಹೆಂಗೆ ತಿಳೀತು?”

ಅದನ್ನು ನಾನೇ ಸುಟ್ಟು ತೋರಿಸಿದ್ದೆ. ಠಾಣೆಯ ಅಂಗಳದಲ್ಲಿ, ಹಾಡುಹಗಲು.

ಬೀರಪ್ಪ ನನ್ನ ಕೈಯಿಂದ ಉಳಿದ ದಾರ ತೆಗೆದುಕೊಂಡು ಬೆರಳಲ್ಲಿ ಹೊಸೆದ. ಆಮೇಲೆ ಹಿಂದಿನ ಸೀಟಿನ ಕಡೆ ನೋಡಿದ. ಕಾಳಕ್ಕನ ಮಡಿಲಲ್ಲಿ ಕದಿರು ಇತ್ತು. ಕದಿರು ಮಾತ್ರ ಇತ್ತು.

“ಅವ್ವ, ಇದು ನಿನ್ನ ನೂಲು. ಉಂಡೆ ಎಲ್ಲಿ?”

“ಈಸ್ಕಂಬೋದು ಮರ್ತೆ ಕಣಪ್ಪ, ನೀನು ಹೊರಗೆ ಬಂದ ಸಡಗರದಾಗೆ. ದಾರ ಹಿಡ್ದು ಗಾಲಿ ನೋಡಿದ್ರಲ್ಲ, ಆವಾಗಿಂದ ಸಾಹೇಬ್ರ ಕೈಯಾಗೇ ಉಳೀತು.”

ಗೋದಾಮಿನ ಮುಂದಿನ ಬೀಟೂ ಅವರದೇ ಠಾಣೆಯದು, ತೊಟ್ಟಿಯ ಬಳಿ ಅವರು ಸೀಮೆಎಣ್ಣೆ ಹಾಕಿ ತೊಳೆದದ್ದು ಗ್ರೀಸು. ಬೀರಪ್ಪ ಡಿಕ್ಕಿಯಿಂದ ನನ್ನ ಪಾನಾ ಹುಡುಕಿ ತಂದ. “ಅಲೈನ್‌ಮೆಂಟ್ ಆಮೇಲೆ ನಿಧಾನಕ್ಕೆ ಮಾಡಾಣ ಸಾರ್. ಈಗ ರಾಡು ಒಳಕ್ಕೆ ತಿರುಗಿಸಿ ನಟ್ಟು ಬಿಗಿತೀನಿ. ಆಸ್ಪತ್ರೆ ಮುಟ್ಟುವರೆಗೂ ತಡೀತೈತೆ. ಗೋವಿಂದಪ್ಪಣ್ಣ ಕರ್ದವ್ರೆ, ಹೋಗ್ಲೇಬೇಕು.” ಅವನು ಆಗಲೇ ನಟ್ಟಿಗೆ ಪಾನಾ ಕೂರಿಸುತ್ತಿದ್ದ. ಅದನ್ನು ನೋಡಿ ನನಗೂ ಧೈರ್ಯ ಬಂತು. ದಾರದ ಚೂರನ್ನು ಬೆಂಕಿಪೊಟ್ಟಣದೊಳಗೆ ಹಾಕಿ ಒಳಜೇಬಿಗೆ ಇಳಿಸಿದೆ.

ಹಿಂದಿನಿಂದ ಜೀಪಿನ ಸದ್ದು ಬಂತು.

ಅದು ಅವಸರವಿಲ್ಲದೆ ಬಂದು ನಮ್ಮ ಪಕ್ಕ ನಿಂತಿತು. ನಾನು ಬಾನೆಟ್ಟಿಗೆ ಒರಗಿ ಬೀರಪ್ಪನಿಗೆ ಅಡ್ಡವಾಗಿ ನಿಂತೆ. ಮುರುಗಪ್ಪನವರು ಹೊರಗೆ ತಲೆ ಹಾಕಿದರು. ಮುಖದಲ್ಲಿ ಕಳಕಳಿ ತುಂಬಿ ತುಳುಕುತ್ತಿತ್ತು.

“ಏನಾತು ಹನುಮಂತಯ್ಯನೋರೆ, ಇಲ್ಲಿ ನಿಲ್ಸಿದ್ರಿ? ನಿಮ್ಮ ಗಾಡಿನೂ ಎಡಕ್ಕೆ ಎಳೀತಾ?”